ಹನ್ನೊಂದು ಅಂಗುಲದ ಬಚ್ಚಲು

೨೦೨೩ರ ಬೇಸಿಗೆ. ರಸ್ತೆ ಗುತ್ತಿಗೆದಾರರೊಬ್ಬರ ಬಳಿ ಇಪ್ಪತ್ತೆಂಟು ವರ್ಷ ಸೈಟ್ ಇಂಜಿನಿಯರ್ ಆಗಿದ್ದ ನಾನು ಆ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಮನೆಯಲ್ಲಿ ಕೂತು ಬೇಸರ ಬಂದು, ಚಿಕ್ಕೋಡಿ, ನಿಪ್ಪಾಣಿ ಕಡೆ ಸಣ್ಣಪುಟ್ಟ ಮನೆ ರಿಪೇರಿ ಹಿಡಿಯುತ್ತಿದ್ದೆ. ಮೈಲುಗಟ್ಟಲೆ ರಸ್ತೆ ಹಾಕಿಸಿದವನಿಗೆ ಒಂದು ಬಚ್ಚಲು ಯಾವ ಲೆಕ್ಕ ಎಂಬ ಜಂಬ ನನ್ನಲ್ಲಿತ್ತು.

ನಿಪ್ಪಾಣಿ ಹತ್ತಿರದ ಒಂದು ಊರಿನ ಹಳೆಯ ಗಲ್ಲಿಯಿಂದ ಕರೆ ಬಂತು. ಕಲ್ಲು ಮಣ್ಣಿನ ಗೋಡೆಯ ಮನೆ. ಯಜಮಾನರು ದತ್ತೋಬಾ, ಬಸ್ ಚಾಲಕರಾಗಿ ನಿವೃತ್ತರಾದವರು. ಲಕ್ವಾ ಹೊಡೆದು ಬಲಗಡೆ ಸ್ವಾಧೀನ ತಪ್ಪಿತ್ತು, ಗಾಲಿಕುರ್ಚಿಯಲ್ಲೇ ಓಡಾಟ. ಹೆಂಡತಿ ತೀರಿಕೊಂಡಿದ್ದರು. ಮಗ ನಸುಕಿನಲ್ಲೇ ಮಿಲ್ಲಿಗೆ ಹೋಗುತ್ತಿದ್ದ. ಮಾವನಿಗೆ ಸ್ನಾನ ಮಾಡಿಸುವುದು ಸೊಸೆ ಸವಿತಾಳ ಪಾಲಿಗೆ ಬಂದಿತ್ತು.

ಬಚ್ಚಲು ಐದು ಅಡಿಗೆ ನಾಲ್ಕೂವರೆ. ಮನೆಯ ನೆಲಕ್ಕಿಂತ ಒಂಬತ್ತು ಅಂಗುಲ ಎತ್ತರ, ಹಾಗಾಗಿ ಬಾಗಿಲಲ್ಲೊಂದು ಮೆಟ್ಟಿಲು. ಆ ಮೆಟ್ಟಿಲು ಹತ್ತಿಸಲು ಸವಿತಾ ಮಾವನನ್ನು ತೋಳಲ್ಲಿ ಹಿಡಿದು ಎತ್ತಬೇಕಾಗಿತ್ತು. ಅವಳು ಒಳಗೆ ಹೋದ ಮೇಲೆ ದತ್ತೋಬಾ ಮೆಲ್ಲಗೆ ಹೇಳಿದರು: "ಸೊಸಿ ಬಂಗಾರದಂಥಾಕಿ ಅದಾಳ್ರಿ ಸಾಹೇಬ್ರ. ಆದ್ರ ಆಕಿ ಮುಂದ ಬರೇ ಮೈಯಾಗ ಕುಂಡ್ರೂದು ನನ್ನ ಕೈಲೆ ಆಗವಲ್ದು. ನನ್ನ ಜಳಕ ನಾನ ಮಾಡ್ಕೊಳ್ಳೂ ಹಂಗ ಮಾಡಿಕೊಡ್ರಿ."

ಮಗ ಕೂಡಿಟ್ಟಿದ್ದ ಎಪ್ಪತ್ತು ಸಾವಿರದೊಳಗೆ ಕೆಲಸ ಮುಗಿಯಬೇಕು. ಹದಿನೈದು ದಿನದಲ್ಲಿ ಮುಗಿಸುತ್ತೇನೆ ಎಂದೆ. ಮೆಟ್ಟಿಲು ತೆಗೆದು ಬಚ್ಚಲನ್ನು ಮನೆಯ ನೆಲಕ್ಕೆ ಸಮ ಮಾಡಿದರೆ ಕುರ್ಚಿ ನೇರ ಒಳಗೆ ಹೋಗುತ್ತದೆ. ಹಿಡಿಯಲು ಸ್ಟೀಲ್ ಪೈಪು, ಕೈಗೆ ಎಟುಕುವ ನಲ್ಲಿ, ಕೆಳಗೊಂದು ಚಿಲಕ, ಅಷ್ಟೇ. ಹಳೆಯ ಮನೆಗಳಲ್ಲಿ ಬಚ್ಚಲು ಎತ್ತರದಲ್ಲಿರುವುದು ರೂಢಿ ಎಂದುಕೊಂಡು ಮೊದಲ ದಿನವೇ ನೆಲಕ್ಕೆ ಹಾಸಿದ್ದ ಫರಸಿ ಕಲ್ಲು ಕೀಳಿಸಿದೆ.

ಮೂರನೆಯ ದಿನ, ರಸ್ತೆ ಕೆಲಸದ ಕಾಲದಿಂದಲೂ ನನ್ನ ಜೊತೆಗಿದ್ದ ಗೌಂಡಿ ಇಸ್ಮಾಯಿಲ್ ಲೆವೆಲ್ ಪೈಪು ಹಿಡಿದ. ನೀರು ತುಂಬಿದ ಪಾರದರ್ಶಕ ನಳಿಕೆ ಅದು, ಎರಡು ತುದಿಯ ನೀರು ನೋಡಿ ಮಟ್ಟ ತಿಳಿಯುತ್ತದೆ. ಗಲ್ಲಿಯ ಗಟಾರದ ತಳ ಮನೆಯ ನೆಲಕ್ಕಿಂತ ಐದು ಅಂಗುಲ ಮೇಲಿತ್ತು. ಬಚ್ಚಲು ಇಳಿಸಿದರೆ ನೀರು ಹೊರಗೆ ಹೋಗುವುದಿರಲಿ, ಗಟಾರದ್ದೇ ಒಳಗೆ ಬರುತ್ತಿತ್ತು.

ಇಸ್ಮಾಯಿಲ್ ನನ್ನ ಮುಖ ನೋಡಿದ. "ಸಾಹೇಬ್ರ, ಈ ರಸ್ತಾ ನಾವ ಹಾಕಿದ್ದಲ್ರಿ?"

ಹೌದು, ನಾವೇ ಹಾಕಿದ್ದು, ಅದೂ ಎರಡು ಸಲ. ಹಳೆಯ ಕಾಂಕ್ರೀಟ್ ಅಗೆಯಲು ದಿನ ಹಿಡಿಯುತ್ತದೆಂದು ಅದರ ಮೇಲೆಯೇ ಹೊಸದು ಸುರಿಸಿದ್ದೆ. ರಸ್ತೆಯ ಜೊತೆ ಗಟಾರವೂ ಏರಿತ್ತು. ಗಲ್ಲಿಗೆ ಕಾಲಿಟ್ಟಾಗ ನನಗೆ ನೆನಪೇ ಆಗಿರಲಿಲ್ಲ. ಅಂಥ ಗಲ್ಲಿಗಳು ನೂರಾರು.

ಹಿಂದೆ ಕುರ್ಚಿಯಲ್ಲಿದ್ದ ದತ್ತೋಬಾ ಎಲ್ಲ ಕೇಳಿಸಿಕೊಂಡಿದ್ದರು. "ನನಗ ಗೊತ್ತಿತ್ರಿ. ಅವತ್ತ ಬಾಗಲಾಗ ನಿಂತು, ನಮ್ಮ ಮನಿ ತಗ್ಗಾಗ ಹೊಕ್ಕೈತಲ್ರಿ ಅಂತ ಕೇಳಿದಾಂವ ನಾನ. ಬಚ್ಚಲ ಒಂದ ಮೆಟ್ಟಲ ಏರಿಸ್ಕೋರಿ ಅಂದಿದ್ರಿ ನೀವ. ಏರಿಸಿದ್ವಿ."

"ಹಂಗಿದ್ರ ನನ್ನ ಯಾಕ ಕರಿಸಿದ್ರಿ?" ಎಂದೆ.

"ರಸ್ತಾ ಏರಿಸಿದವ್ರಿಗೆ ನೀರ ಇಳಸೂದೂ ಗೊತ್ತಿರ್ತೈತಿ ಅಂತ ತಿಳಿದಿದ್ನಿ."

ನನಗೆ ನಾಚಿಕೆಯಾಯಿತು. ಬಚ್ಚಲನ್ನು ಮೇಲೆಯೇ ಬಿಟ್ಟು ಕುರ್ಚಿ ಹತ್ತಲು ಇಳಿಜಾರು ಕಟ್ಟೋಣವೆಂದರೆ ಒಂದು ಅಂಗುಲ ಏರಲು ಒಂದು ಅಡಿ ಉದ್ದ ಬೇಕು. ಬಚ್ಚಲ ಮುಂದೆ ಇದ್ದದ್ದು ಮೂರೂವರೆ ಅಡಿ. ಹಿಂದೆ ಪಕ್ಕದವರ ಗೋಡೆ, ಇಂಗುಗುಂಡಿಗೆ ಗೇಣು ಜಾಗವಿಲ್ಲ. ಕೊನೆಗೆ ಬಚ್ಚಲ ಮೂಲೆಯಲ್ಲೇ ಎರಡಡಿ ಗುಂಡಿ ತೆಗೆಸಿ ಅರ್ಧ ಎಚ್‌ಪಿ ಮೋಟರ್ ಕೂರಿಸಿದೆ. ಗುಂಡಿ ತುಂಬಿದರೆ ಮೋಟರ್ ತಾನೇ ಚಾಲೂ ಆಗಿ ನೀರನ್ನು ಗಟಾರಕ್ಕೆ ಎತ್ತುತ್ತದೆ.

ಅದು ನಡೆಯಿತು. ಮೊದಲ ದಿನ ದತ್ತೋಬಾ ಒಬ್ಬರೇ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಮುಕ್ಕಾಲು ತಾಸು ಹೊರಗೆ ಬರಲಿಲ್ಲ. ಸವಿತಾ ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತೇ ಇದ್ದಳು. "ಮಾಮಾ, ಸಾಕ್ ಬರ್ರಿ, ಥಂಡಿ ಹತ್ತೈತಿ" ಎಂದರೆ ಒಳಗಿಂದ "ಇನ್ನೊಂದ ತಂಬಿಗಿ" ಎಂಬ ಉತ್ತರ. ನಮಗೆಲ್ಲ ನಗು ಬಂತು. ನಾನು ಗೆದ್ದೆ ಅಂದುಕೊಂಡೆ.

ಇಪ್ಪತ್ತು ದಿನ ಹಾಗೇ ಹೋಯಿತು. ಆಮೇಲೆ ಒಂದು ಮಧ್ಯಾಹ್ನ ದೊಡ್ಡ ಮಳೆ ಸುರಿಯಿತು. ಕರೆಂಟು ಹೋಗಿ ಮೋಟರ್ ನಿಂತಿತು. ತುಂಬಿದ ಗಟಾರದ ನೀರು ಮಣ್ಣಿನ ಗೋಡೆಯ ಸಂದಿನಿಂದ ಬಚ್ಚಲಿಗೆ ನುಗ್ಗಿತು. ದತ್ತೋಬಾ ಆಗ ಒಳಗೇ ಇದ್ದರು. ಗಾಬರಿಯಲ್ಲಿ ಕುರ್ಚಿಯಿಂದ ಜಾರಿ ಬಿದ್ದರು, ಚಿಲಕಕ್ಕೆ ಕೈ ಎಟುಕಲಿಲ್ಲ. ಸವಿತಾ ಗಲ್ಲಿಯವರನ್ನು ಕೂಗಿ ಕರೆದಳು. ನಾಲ್ಕು ಮಂದಿ ಬಾಗಿಲು ಮುರಿದಾಗ ಅವರು ಬರಿ ಮೈಯಲ್ಲಿ, ಹಿಮ್ಮಡಿ ಮುಳುಗುವಷ್ಟು ಗಟಾರದ ನೀರಲ್ಲಿ ಕೂತಿದ್ದರಂತೆ. ಸೊಸೆ ಕೂಡ ಕಾಣಬಾರದೆಂದು ಇಷ್ಟೆಲ್ಲ ಮಾಡಿಸಿದ್ದರು, ಈಗ ಗಲ್ಲಿಯೇ ಕಂಡಿತ್ತು.

ಮರುದಿನ ಹೋದೆ. ದೊಡ್ಡ ಮೋಟರ್, ಇನ್ವರ್ಟರ್, ಕಾಂಕ್ರೀಟ್ ಗೋಡೆ ಎಂದು ಏನೇನೋ ಹೇಳಿದೆ. ಹೇಳುತ್ತಿದ್ದಾಗಲೇ ಗೊತ್ತಿತ್ತು, ಗಲ್ಲಿ ಇಳಿಯದೆ ಆ ಮನೆ ಏಳುವುದಿಲ್ಲ. ಗಲ್ಲಿಯನ್ನು ಇಳಿಸುವುದು ನನ್ನ ಕೈಯಲ್ಲಿರಲಿಲ್ಲ. ದತ್ತೋಬಾ ಗೋಡೆಯ ಕಡೆ ನೋಡುತ್ತ ಹೇಳಿದರು: "ಸಾಕ್ ಮಾಡ್ರಿ ಸಾಹೇಬ್ರ. ಮೆಟ್ಟಲ ಮತ್ತ ಕಟ್ಟಿಬಿಡ್ರಿ. ಇಪ್ಪತ್ತ ದಿನ ನನ್ನ ಜಳಕ ನಾನ ಮಾಡೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗುಂಡಿ ಮುಚ್ಚಿಸಿ, ನೀರಿನ ಓಟಕ್ಕೆ ಬೇಕೆಂದು ಈ ಸಲ ಹನ್ನೊಂದು ಅಂಗುಲ ಏರಿಸಿ ಕಟ್ಟಿಸಿದೆ. ಮೊದಲಿಗಿಂತ ಎರಡು ಅಂಗುಲ ಹೆಚ್ಚೇ ಆಯಿತು.

ರಸ್ತೆ ಕೆಲಸದ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಬರೆಯುತ್ತಿದ್ದೆವು. ಪಕ್ಕದ ಮನೆಗಳ ನೆಲ ಎಷ್ಟು ಕೆಳಗಿದೆ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಬರೆಯಬೇಡ ಎಂದು ಯಾರೂ ನನ್ನ ಕೈ ಹಿಡಿದಿರಲಿಲ್ಲ. ರಸ್ತೆಯ ಮಟ್ಟವನ್ನು ಅತಿ ತಗ್ಗಿನ ಮನೆಯಿಂದ ಅಳೆಯಬೇಕೆಂಬುದನ್ನು ನಾನು ಕಲಿತದ್ದು ಕೆಲಸ ಬಿಟ್ಟ ಮೇಲೆ.

ಈಗ ಸವಿತಾಳೇ ಸ್ನಾನ ಮಾಡಿಸುತ್ತಾಳೆ. ಮುಗಿಯುವ ತನಕ ಮಾವ ಕಣ್ಣು ಮುಚ್ಚಿಕೊಂಡೇ ಇರುತ್ತಾರೆ ಎಂದು ಅವಳೇ ಹೇಳಿದಳು.