ಕಾಕು ಕರಿ ಎಳ್ಳು ಹಚ್ಚಿದ ಸಂಜೆ

ಕಾಕುವಿನ ಕಾಲ್ಬೆರಳುಗಳು ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಮಣೆಯ ಮೇಲೆ ಕೂತು ರೊಟ್ಟಿ ತಟ್ಟುವಾಗಲೂ ಸೀರೆಯಂಚಿನ ಕೆಳಗೆ ಅವು ನೆಲವನ್ನು ಕೆರೆಯುತ್ತಲೋ ಒಂದನ್ನೊಂದು ಉಜ್ಜುತ್ತಲೋ ಇರುತ್ತಿದ್ದವು. ಎರಡನೆಯ ಬೆರಳಿನ ಬುಡದಲ್ಲಿ, ಕಾಲುಂಗುರವಿದ್ದ ಜಾಗದಲ್ಲಿ, ತೆಳುವಾದ ಬಿಳಿ ಗೆರೆಯೊಂದು ಉಳಿದುಕೊಂಡಿತ್ತು. ಗಂಡ ಹೋಗಿ ವರ್ಷಗಳಾದರೂ ಅದು ಮಾಸಿರಲಿಲ್ಲ.

ಅವಳು ನನಗೆ ರಕ್ತಸಂಬಂಧಿಯಲ್ಲ. ಪರೇಲಿನ ನಮ್ಮ ಚಾಳಿನಲ್ಲಿ ಒಂದೇ ಮಹಡಿಯಲ್ಲಿ ನಮ್ಮ ಖೋಲಿ, ಎರಡು ಬಾಗಿಲು ದಾಟಿ ಅವಳದು. ಅಕ್ಕಪಕ್ಕದ ಮರಾಠಿ ಮನೆಯವರು ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ವಿಜಯಪುರದ ಕಡೆಯವಳು. ಗಂಡ ಮೊದಲು ಮಿಲ್ಲಿನಲ್ಲಿದ್ದ, ಮಿಲ್ಲು ಮುಚ್ಚಿದ ಮೇಲೆ ವಾಚ್‌ಮನ್ ಆದ, ನಾನು ಶಾಲೆಯಲ್ಲಿದ್ದಾಗ ತೀರಿಕೊಂಡ. ಮಕ್ಕಳಿರಲಿಲ್ಲ. ಆಮೇಲೆ ಅವಳು ಅದೇ ಖೋಲಿಯಲ್ಲಿ ಖಾನಾವಳಿ ಶುರು ಮಾಡಿದಳು. ಕಟ್ಟಡದ ಕೆಲಸಕ್ಕೆ ಬಂದ ಅವಳ ಊರ ಕಡೆಯ ಗಂಡಸರು, ಆಸ್ಪತ್ರೆಯ ವಾರ್ಡ್‌ಬಾಯ್‌ಗಳು ಅಲ್ಲಿ ಉಣ್ಣುತ್ತಿದ್ದರು. ನನ್ನ ಅಪ್ಪ ಉಡುಪಿಯಿಂದ ಬಂದು ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು, ಅಮ್ಮ ಹೊಲಿಗೆಯ ಕಾರ್ಖಾನೆಗೆ ಹೋಗುತ್ತಿದ್ದಳು. ಶಾಲೆ ಬಿಟ್ಟು ಬಂದ ನನ್ನ ಹೊಟ್ಟೆ ಕಾಕುವಿನ ಪಾಲು. ಕುಚ್ಚಲಕ್ಕಿಯ ಮನೆಯ ಹುಡುಗಿ ಸಜ್ಜೆರೊಟ್ಟಿ ಜಗಿಯಲು ಕಲಿತದ್ದು ಹಾಗೆ.

ಲೋಕಲ್ಲಿನಲ್ಲಿ ಸೀಟು ಸಿಕ್ಕರೂ ಅವಳು ಕೂರುತ್ತಿರಲಿಲ್ಲ. ನಾನು ಸೆರಗು ಎಳೆದರೆ, "ಕುಂತ್ರ ಕಾಲಿಗೆ ಜೋಮು, ನಿಂತ್ರ ದಾರಿ ಕಾಣತೈತಿ" ಎನ್ನುತ್ತಿದ್ದಳು. ಯಾವ ದಾರಿ ಎಂದು ಕೇಳಿದರೆ ನಗುತ್ತಿದ್ದಳು. ಬಾಗಿಲಿಗೂ ಒಲೆಗೂ ನಡುವೆ, ನಲ್ಲಿಗೂ ಮಹಡಿಯ ಕಟಕಟೆಗೂ ನಡುವೆ ದಿನವಿಡೀ ಅಡ್ಡಾಡುವವಳು. ನನ್ನಮ್ಮ ಅವಳನ್ನು ನೋಡಿಯೇ ಸುಸ್ತಾಗುತ್ತಿದ್ದಳು.

ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ವರ್ಷ ನಾನು ಮಾಟುಂಗದ ನಮ್ಮ ಕನ್ನಡ ಸಂಘದ ಯುವ ವಿಭಾಗದ ಕಾರ್ಯದರ್ಶಿಯಾದೆ. ಬೇರೆ ಯಾರೂ ಒಪ್ಪಿರಲಿಲ್ಲ, ಅಷ್ಟೇ. ಕಾರ್ಯಕ್ರಮಗಳಿಗೆ ಮುಂದಿನ ಸಾಲಿನಲ್ಲಿ ಹಿರಿಯರು, ಹಿಂದೆಲ್ಲ ಖಾಲಿ ಕುರ್ಚಿ. ಈ ಸಂಕ್ರಾಂತಿಗೂ ಹುಡುಗರು ಬರದಿದ್ದರೆ ಯುವ ವಿಭಾಗವನ್ನೇ ಮುಚ್ಚುವುದೆಂದು ಸಮಿತಿ ತೀರ್ಮಾನಿಸಿತು. ನನ್ನ ಓರಗೆಯವರಿಗೆ ಭಾಷಣ ಬೇಡ, ಕುಣಿಯಬೇಕು. ಎಲ್ಲರೂ ಒಂದೇ ಬಣ್ಣ ಉಟ್ಟು ಬರುವ ನೃತ್ಯದ ಸಂಜೆ ಮಾಡೋಣ ಎಂದೆ. ಯಾವ ಬಣ್ಣ ಎಂದು ವಾಟ್ಸಾಪಿನಲ್ಲಿ ಕೇಳಿದಾಗ ಬಹುಪಾಲು ಉತ್ತರ ಬಂದದ್ದು ಕಪ್ಪು.

"ಕಪ್ಪಾ?" ಸಂಘದ ಅಧ್ಯಕ್ಷರು ಕನ್ನಡಕ ತೆಗೆದರು. ಮಾಟುಂಗದಲ್ಲೇ ಹೋಟೆಲು ನಡೆಸುವ, ನಮ್ಮೂರ ಕಡೆಯ ಹಿರಿಯರು. "ಹಬ್ಬದ ದಿವಸ ಕಪ್ಪು ಹೇಳಿದ್ರೆ ಎಂತ ಮಾರಾಯ್ತಿ? ಲೋಕದಲ್ಲಿ ಬೇರೆ ಬಣ್ಣ ಇಲ್ವಾ? ಸತ್ತವರ ಬೊಜ್ಜದ ಮನೆ ಮಾಡ್ತೀಯಾ ಸಂಘದ ಹಾಲನ್ನು?"

ನಾನು ಮನೆಗೆ ಬಂದು ಕಾಕುವಿನ ಮುಂದೆ ಅತ್ತೆ. ಅವಳು ಕೇಳಿಸಿಕೊಂಡು ಹಿಟ್ಟಿನ ಕೈ ತೊಳೆದಳು. ಮರುದಿನ ಖಾನಾವಳಿಯ ಊಟ ಮುಗಿಯುತ್ತಲೇ ನನ್ನನ್ನು ಎಳೆದುಕೊಂಡು ಅಧ್ಯಕ್ಷರ ಹೋಟೆಲಿಗೆ ಹೋದಳು. ಅವರು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಧ್ಯಕ್ಷರ, ನಮ್ಮ ಕಡೆ ಹೊಸಾ ಸೊಸಿಗೆ ಮೊದಲನೇ ಸಂಕ್ರಾಂತಿಗೆ ಕರಿ ಸೀರೀನ ಉಡಸ್ತಾರ್ರಿ. ಚಂದ್ರಕಾಳಿ ಅಂತಾರ. ಇಲ್ಲಿ ಮರಾಠಿ ಮಂದೀನೂ ಉಡಸ್ತಾರ. ಥಂಡಿ ದಿನಾ, ಕರೀದು ಮೈ ಬೆಚ್ಚಗ ಇಡತೈತಿ. ಅದ್ರಾಗ ಅಶುಭ ಎಲ್ಲಿಂದ ಬಂತ್ರಿ?"

"ಅದು ನಿಮ್ಮ ಕಡೆ ಆಯ್ತಮ್ಮ. ನಮ್ಮಲ್ಲಿ ಇಲ್ಲ."

"ಕನ್ನಡ ಸಂಘ ಅಂತ ಬೋರ್ಡ್ ಹಾಕೀರಿ. ನಾವೇನು ಬ್ಯಾರೇನ್ರಿ?"

ಅಧ್ಯಕ್ಷರು ಗಲ್ಲಾದ ಕಡೆ ನೋಡಿದರು, ಹೊರಗಿನ ರಸ್ತೆಯ ಕಡೆ ನೋಡಿದರು. ಕೊನೆಗೆ ಅರ್ಧ ಸಿಟ್ಟು ಅರ್ಧ ತಮಾಷೆಯಲ್ಲಿ, "ಹಾಗಾದ್ರೆ ಊಟವೂ ಕಪ್ಪೇ ಮಾಡಿ ಬಡಿಸ್ತೀರಾ?" ಎಂದರು.

"ಮಾಡ್ತೀವ್ರಿ."

ಸ್ಟೇಷನ್ನಿಗೆ ಬರುವ ದಾರಿಯಲ್ಲಿ ಅವಳು ಓಡುವವಳಂತೆ ನಡೆದಳು. ಹೂವಿನಂಗಡಿಗಳ ಹತ್ತಿರ ಥಟ್ಟನೆ ನಿಂತು ನನ್ನ ತೋಳು ಹಿಡಿದಳು. "ಬಾಯಿ ಬಿಟ್ಟು ಹೇಳಿ ಬಂದ್ನೆಲ್ಲ ತಂಗಿ. ಏನ ಮಾಡೋದ ಈಗ?"

ಅಲ್ಲಿಂದ ನಮಗಿಬ್ಬರಿಗೂ ನೆಮ್ಮದಿಯಿಲ್ಲ. ನಾನು ಆಫೀಸಿನಲ್ಲಿದ್ದಾಗ ಅವಳ ಫೋನು ಬರುವುದು: "ಕರಿ ದ್ರಾಕ್ಷಿ ನಡೀತೈತೇನ?" ಇನ್ನೊಮ್ಮೆ: "ಕಾಲಾ ಜಾಮೂನು?" ನಾನು ಚಾಕೊಲೇಟ್ ಕೇಕ್ ಎಂದೆ. ಅವಳು ಅದು ಕಂದು, ಕಪ್ಪಲ್ಲ ಎಂದು ವಾದಿಸಿದಳು. ಹುಡುಗರಿಗೆ ಎಲೆ ಹಾಕಿ ಕೂರಿಸುವ ಊಟ ಆಗದು, ಕೈಯಲ್ಲಿ ಹಿಡಿದು ಕುಣಿಯುತ್ತಲೇ ತಿನ್ನುವಂತಿರಬೇಕು ಎಂದು ನಾನು ಹೇಳಿದ್ದೇ ತಡ, ಅವಳ ಮೋರೆ ಬೆಳಗಿತು. ಸಂಕ್ರಾಂತಿಗೆ ಅವರ ಕಡೆ ಸಜ್ಜೆರೊಟ್ಟಿಗೆ ಕರಿ ಎಳ್ಳು ಹಚ್ಚುತ್ತಾರೆ. ಅದನ್ನೇ ಸೇವ್‌ಪುರಿಯ ಪುರಿಯಷ್ಟು ಸಣ್ಣದಾಗಿ ತಟ್ಟಿ, ಕಟಕಟ ಎನ್ನುವಂತೆ ಸುಟ್ಟು, ಮೇಲೆ ಬೇಯಿಸಿದ ಕರಿಕಡಲೆ, ಗುರೆಳ್ಳು ಚಟ್ನಿ, ಒಂದು ಚಮಚ ಗಟ್ಟಿ ಮೊಸರು. ಮೊದಲನೆಯದನ್ನು ನನ್ನ ಬಾಯಿಗೇ ಇಟ್ಟಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಕೇಳಿದೆ.

ಅಲಂಕಾರದ್ದೇ ಗೋಳು. ನಾನು ದಾದರಿನಿಂದ ಕಪ್ಪು ಕಾಗದ, ಕಪ್ಪು ಬಲೂನು, ಕಪ್ಪು ರಿಬ್ಬನ್ನು ತಂದು ಹಾಲಿನ ಒಂದು ಗೋಡೆಗೆ ಕಟ್ಟಿ ನೋಡಿದೆ. ಕರೆಂಟು ಹೋದ ಮನೆಯಂತಾಯಿತು. ಕಾಕು ಬಾಗಿಲಲ್ಲೇ ನಿಂತು, "ಅಮಾಸಿ ಆಗೈತಲ್ಲವಾ. ಒಂದರ ಚುಕ್ಕಿ ಬ್ಯಾಡೇನ?" ಎಂದಳು. ಚಂದ್ರಕಾಳಿ ಸೀರೆಯ ಕಪ್ಪು ಒಡಲಿನಲ್ಲಿ ಬಿಳಿ ಚುಕ್ಕಿಗಳಿರುತ್ತವೆ. ಅಂಥ ಸೀರೆಗಳನ್ನೇ ಕಿಟಕಿಗಳ ನಡುವೆ ಇಳಿಬಿಟ್ಟು ಹಿಂದೆ ಸಣ್ಣ ಬಲ್ಬಿನ ಸರ ಹಾಕಿದರೆ? ಅವಳ ಊರ ಕಡೆಯ ಸಂಸಾರಗಳು ಜೋಗೇಶ್ವರಿಯಲ್ಲಿ ಹಲವಿದ್ದವು. ನಾವು ಮನೆಮನೆಗೆ ಹೋದೆವು. ಹೆಂಗಸರು ಟ್ರಂಕು ತೆಗೆದರು. ನುಸಿಗುಳಿಗೆಯ ವಾಸನೆಯ ನಡುವೆ ಅವರ ಮದುವೆಯ ಮೊದಲ ವರ್ಷದ ಕಥೆಗಳು ಹೊರಬಂದವು. ಒಬ್ಬ ಹೆಂಗಸು, ತನ್ನ ಮಗಳೂ ಕಾರ್ಯಕ್ರಮಕ್ಕೆ ಬರುತ್ತಾಳೆ, ಏನಾದರೂ ಕೆಲಸ ಕೊಡಿ ಎಂದಳು. ಆ ಕಾಲೇಜು ಹುಡುಗಿಗೆ ಬಾಗಿಲು ಕಾಯುವ ಕೆಲಸ ಕೊಟ್ಟೆ. ಎಲ್ಲರದ್ದೂ ಆದ ಮೇಲೆ ಕಾಕು ತನ್ನ ಟ್ರಂಕಿನಿಂದ ತನ್ನದನ್ನೂ ತೆಗೆದುಕೊಟ್ಟಳು. ಕೆಂಪಂಚು, ಜರಿ ಅಲ್ಲಲ್ಲಿ ಕಂದಿತ್ತು. ಅದನ್ನು ಅಡಿಗೆಮನೆಯ ಬಾಗಿಲ ಪಕ್ಕದ ಮೂಲೆಗೆ ಕಟ್ಟಲು ಹೇಳಿದಳು.

ಸಂಕ್ರಾಂತಿಯ ಆ ಭಾನುವಾರ ಸಂಜೆ ಸಂಘದ ಹಾಲು ಸಿದ್ಧವಾಯಿತು. ಹುಡುಗರಿಲ್ಲ. ಐದು ಗಂಟೆ ಎಂದಿದ್ದೆವು, ಐದೂವರೆ ಆಯಿತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಬಿಳಿ ಅಂಗಿಯಲ್ಲಿ ಒಬ್ಬರೇ ಕೂತು ಗಡಿಯಾರ ನೋಡುತ್ತಿದ್ದರು. ನಾನು ಗೇಟಿಗೆ ಹೋಗುವುದು, ರಸ್ತೆ ನೋಡುವುದು, ಬರುವುದು. ಒಳಗೆ ಕಾಕು ಪಾತ್ರೆಯ ಮುಚ್ಚಳ ತೆಗೆಯುವುದು, ಹಾಕುವುದು. ಸಂಗೀತ ಹಾಕುವವನು ಖಾಲಿ ಹಾಲಿಗೆ ಒಂದು ಹಾಡು ಹಾಕಿ, ನನ್ನ ಮುಖ ನೋಡಿ ನಿಲ್ಲಿಸಿದ.

ಆಮೇಲೆ ಒಮ್ಮೆಲೇ ಬಂದರು. ಹಳಿ ರಿಪೇರಿಗೆಂದು ಲೋಕಲ್ಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕಿನಲ್ಲಿ ಸಿಕ್ಕಿಬಿದ್ದು, ಬಸ್ಸು ರಿಕ್ಷಾ ಬದಲಿಸುತ್ತ, ಬೆವರಿ, ನಗುತ್ತ. ಕಪ್ಪು ಕುರ್ತಾ, ಕಪ್ಪು ಜೀನ್ಸು, ಅಮ್ಮಂದಿರ ಕಪ್ಪು ದುಪಟ್ಟಾ. ಹಿಂದೆಯೇ ಜೋಗೇಶ್ವರಿಯ ಹೆಂಗಸರು. ಬಲ್ಬು ಹಚ್ಚಿದೆವು. ಸೀರೆಗಳ ಚುಕ್ಕಿಗಳೆಲ್ಲ ಎದ್ದು ನಿಂತವು. ಒಬ್ಬ ಹುಡುಗ "ಅರೇ ಯಾರ್!" ಎಂದು ಅಲ್ಲೇ ನಿಂತುಬಿಟ್ಟ.

ಕಾಕು ಮೊದಲ ತಟ್ಟೆ ಹಿಡಿದು ಅಡಿಗೆಮನೆಯಿಂದ ಬಂದಳು. ಬಾಗಿಲು ಕಾಯುತ್ತಿದ್ದ ಹುಡುಗಿ ಓಡಿಬಂದು ಕೈ ಅಡ್ಡ ಹಿಡಿದಳು. ಕಪ್ಪಿಲ್ಲದೆ ಪ್ರವೇಶವಿಲ್ಲ ಎಂಬ ನಿಯಮ ನನ್ನದೇ. ಅಧ್ಯಕ್ಷರನ್ನು ತಡೆಯಲು ಅವಳಿಗೆ ಧೈರ್ಯವಾಗಿರಲಿಲ್ಲ, ಕಾಕುವಿನ ಜೊತೆ ಸಲಿಗೆ.

"ಸಾರಿ ಕಾಕು. ಬ್ಲ್ಯಾಕ್ ನಹೀ ತೊ ಎಂಟ್ರಿ ನಹೀ."

ಸುತ್ತಲಿದ್ದವರು ನಕ್ಕರು. ಕಾಕುವೂ ನಗಲು ನೋಡಿದಳು. ಅವಳದು ಎಂದಿನ ಮಾಸಲು ಹಸಿರು ಸೀರೆ.

"ನಾ ಉಡಂಗಿಲ್ಲವಾ."

"ಕ್ಯೋಂ? ಯಾಕೆ?"

ನನಗೆ ಕಾರಣ ಗೊತ್ತಿತ್ತು, ಚಾಳಿನ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಹೆಂಗಸರು ಮನೆಮನೆಗೆ ಹೋಗುವಾಗ ಅವಳು ಬಾಗಿಲು ಮುಂದೆ ಮಾಡಿಕೊಂಡು ಎಳ್ಳು ಹುರಿಯುತ್ತಿದ್ದಳು.

"ಮನಿಯವರು ಹೋದಮ್ಯಾಲೆ ಬಿಟ್ಟೀನಿ" ಎಂದಳು ಕಾಕು.

ಹುಡುಗಿಗೆ ಅದು ಕಾರಣವೆಂದು ಅನ್ನಿಸಲೇ ಇಲ್ಲ. "ತೊ ಕ್ಯಾ? ನನ್ನ ಪಪ್ಪಾ ಭೀ ಇಲ್ಲ. ಮಮ್ಮಿ ಉಟ್ಟಿದ್ದಾಳೆ, ದೇಖೋ." ಅವಳು ಬೆರಳು ತೋರಿಸಿದ ಕಡೆ, ತನ್ನ ಸೀರೆಯನ್ನು ನಮಗೆ ಕೊಟ್ಟಿದ್ದ ಅದೇ ಹೆಂಗಸು, ಬೇರೊಂದು ಕಪ್ಪು ಸೀರೆ ಉಟ್ಟು ಬಲೂನು ಸರಿಪಡಿಸುತ್ತಿದ್ದಳು.

ಕಾಕು ಆ ಕಡೆ ನೋಡಿದಳು. ಹೊರಟುಬಿಡುತ್ತಾಳೆ, ಮೆಟ್ಟಿಲಿಳಿದು ಸೀದಾ ಸ್ಟೇಷನ್ನಿಗೆ ನಡೆಯುತ್ತಾಳೆ ಎಂದುಕೊಂಡೆ. ಅವಳು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಮೂಲೆಗೆ ಹೋದಳು. ತನ್ನ ಚಂದ್ರಕಾಳಿಯ ಗಂಟು ಬಿಚ್ಚಲು ನೋಡಿದಳು. ಗಂಟು ಬಿಗಿದಿತ್ತು, ಹಲ್ಲಿನಿಂದ ಎಳೆದಳು. ಸೀರೆಯನ್ನು ಮಡಚಿ ಶಾಲಿನಂತೆ ಹೆಗಲ ಸುತ್ತ ಹೊದ್ದು, ಹುಡುಗಿಯ ಮುಂದೆ ಬಂದು ನಿಂತು, "ಈಗ ಬಿಡ್ತೀಯೋ ಇಲ್ಲೋ?" ಎಂದಳು.

ಹುಡುಗಿ ಬಿಡಲಿಲ್ಲ, ಎರಡೂ ಕೈ ಹಿಡಿದು ಒಳಗೆ ಎಳೆದುಕೊಂಡಳು.

ಹಾಡು ಯಾವುದೋ ಹಿಂದಿಯದು, ಕಿವಿ ಕಿತ್ತುಹೋಗುವಂಥದ್ದು. ಕಾಕು ಅದಕ್ಕೆ ಕಿವಿಗೊಡದೆ ಹುಡುಗಿಯ ಕೈಗಳನ್ನು ಅಡ್ಡಡ್ಡ ಹಿಡಿದು, ಪಾದಕ್ಕೆ ಪಾದ ಜೋಡಿಸಿ, ಮೈ ಹಿಂದಕ್ಕೆ ಬಾಗಿಸಿ ಪುಗಡಿ ಆಡತೊಡಗಿದಳು. ಮೊದಲು ನಿಧಾನ, ಆಮೇಲೆ ಗಿರಗಿರ. ಜೋಗೇಶ್ವರಿಯ ಹೆಂಗಸರು ಕೇಕೆ ಹಾಕಿದರು. ಹುಡುಗರು ಫೋನು ಎತ್ತಿದರು, ಆಮೇಲೆ ಫೋನು ಕಿಸೆಗೆ ಹಾಕಿ ತಾವೂ ಜೋಡಿ ಹುಡುಕಿದರು. ನನ್ನ ಸರದಿ ಬಂದಾಗ ಗೋಡೆ, ಬಲ್ಬು, ಅಧ್ಯಕ್ಷರು ಎಲ್ಲ ಒಂದೇ ಗೆರೆಯಾದವು. ಬಿದ್ದೇನೆಂದು ನಾನು ಕಿರುಚಿದೆ. "ಬೀಳಂಗಿಲ್ಲ. ನನ್ನ ಭಾರ ನೀ ಹಿಡಿ, ನಿನ್ನ ಭಾರ ನಾ ಹಿಡೀತೀನಿ" ಎಂದಳು ಕಾಕು, ಏದುಸಿರಿನಲ್ಲಿ.

ಸಣ್ಣ ರೊಟ್ಟಿಗಳು ಮುಗಿದ ಮೇಲೂ ಹುಡುಗರು ಖಾಲಿ ತಟ್ಟೆ ಹಿಡಿದು ನಿಂತಿದ್ದರು. ಯುವ ವಿಭಾಗ ಉಳಿಯಿತು. ಅಧ್ಯಕ್ಷರು ಹೋಗುವಾಗ ಕಾಕುವಿನ ಕಡೆ ನೋಡಿ, "ಖಾರ ಸ್ವಲ್ಪ ಹೆಚ್ಚಾಯ್ತು" ಎಂದರು, ಅಷ್ಟೇ.

ಮುಂದಿನ ಮಳೆಗಾಲದಲ್ಲಿ ಕಾಕುವಿಗೆ ಉಸಿರು ಕಟ್ಟತೊಡಗಿತು. ಚಾಳಿನ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದಳು. ಹೃದಯ ದೊಡ್ಡದಾಗಿದೆ ಎಂದರು ಡಾಕ್ಟರು. ಪರೇಲಿನ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ವಾರ್ಡ್‌ಬಾಯ್‌ಗಳಲ್ಲಿ ಅರ್ಧದಷ್ಟು ಅವಳ ಕೈಯ ಊಟ ಉಂಡವರೇ. ಮಲಗು ಎಂದರೆ ಕೇಳಳು, ಸಲೈನಿನ ನಳಿಗೆ ಹಾಕಿದ ಕೈಯಲ್ಲೇ ಮಂಚದ ಕಂಬಿ ಹಿಡಿದು ಎದ್ದು ಕೂರುವಳು.

"ಮುಂದಿನ ಸಲ ಯಾವ ಬಣ್ಣ?" ಎಂದು ಕೇಳಿದಳು ಒಂದು ಮಧ್ಯಾಹ್ನ.

"ನೀವು ಹುಷಾರಾಗಿ ಬನ್ನಿ ಕಾಕು, ಆಮೇಲೆ ನೋಡುವ."

"ಹಸರ ಮಾಡ್ರಿ. ಹಸರಿಗೆ ತಿಂಡಿ ಭಾಳ ಅದಾವ." ಉಸಿರು ಎಳೆದುಕೊಂಡು ಎಣಿಸತೊಡಗಿದಳು: ಮೆಂತ್ಯೆಪಲ್ಲೆ ಹಾಕಿದ ಕಡುಬು, ಹಸಿಕಡಲೆ ಉಸಳಿ, ಪುದೀನಾ ಪಾನಕ. ಕೊನೆಗೆ, "ನಿಮ್ಮ ಕಡೆ ಕೆಸುವಿನ ಎಲಿ ಸುತ್ತಿ ಮಾಡ್ತಾರಲ್ಲ, ನಿಮ್ಮವ್ವ ಕೊಡ್ತಿದ್ಳು. ಏನದು?"

"ಪತ್ರೊಡೆ."

"ಹಾಂ. ಅದನ್ನೂ ಇಡ್ರಿ. ನಿಮ್ಮ ಅಧ್ಯಕ್ಷರು ಪಾಪ, ಖಾರ ತಾಳಲಿಲ್ಲ ಅವತ್ತ. ಅವರ ಬಾಯಿಗೂ ಒಂದ ಇರಲಿ."

ಆ ವಾರವೇ ಹೋದಳು. ಖಾನಾವಳಿಯಲ್ಲಿ ಉಂಡವರು ಹೆಗಲು ಕೊಟ್ಟರು. ಕನ್ನಡ ಸರಿಯಾಗಿ ಬಾರದ ಹುಡುಗ ಹುಡುಗಿಯರು ಮಳೆಯಲ್ಲಿ ಚಾಳಿನ ಮೆಟ್ಟಿಲುಗಳ ತುಂಬ ನಿಂತಿದ್ದರು. ನನ್ನನ್ನು ಒಬ್ಬೊಬ್ಬರೇ ಮುಟ್ಟಿ ಮುಂದೆ ಹೋದರು.

ಸಂಕ್ರಾಂತಿಗೆ ಹಸಿರು ಮಾಡಿದೆವು. ಅಮ್ಮ, ಜೋಗೇಶ್ವರಿಯ ಹುಡುಗಿ, ಅವಳ ತಾಯಿ ಮತ್ತು ನಾನು ಕೂಡಿ ಅಡಿಗೆ ಮಾಡಿದೆವು. ಹುಡುಗರು ಹೊತ್ತಿಗೆ ಮೊದಲೇ ಬಂದರು. ಹಾಲಿನಲ್ಲಿ ಹಾಡು ಶುರುವಾಗಿತ್ತು, ನಾನು ಅಡಿಗೆಮನೆ ಬಿಟ್ಟು ಹೊರಗೆ ಹೋಗಲಾರದೆ ಒಲೆಯ ಸುತ್ತ ತಿರುಗುತ್ತಿದ್ದೆ. ಅಧ್ಯಕ್ಷರು ಹಸಿರು ಅಂಗಿ ತೊಟ್ಟು, ತಟ್ಟೆ ಹಿಡಿದು ಒಳಗೆ ಬಂದರು.

"ಪತ್ರೊಡೆ ಯಾರ ಐಡಿಯಾ ಮಾರಾಯ್ತಿ? ಮಕ್ಕಳ ಕುಣಿತಕ್ಕೆ ಪತ್ರೊಡೆ?"

"ಕಾಕುದು. ಆಸ್ಪತ್ರೆಯಲ್ಲಿ ಹೇಳಿದ್ರು. ನಿಮಗೆ ಅಂತ."

ಅಧ್ಯಕ್ಷರು ತಟ್ಟೆಯನ್ನೇ ನೋಡುತ್ತ ನಿಂತರು. ಹೊರಗೆ ಯಾರೋ ಅವರನ್ನು ಕರೆದರು, ತಿರುಗಲಿಲ್ಲ. ಆಮೇಲೆ ತಟ್ಟೆಯನ್ನು ನನ್ನ ಮುಂದೆ ಚಾಚಿದರು.

"ಇನ್ನೊಂದು ಹಾಕು" ಎಂದರು.