ಹೀರೇಕಾಯಿ, ಆಡು ಮತ್ತು ಹೋದ ಕರೆಂಟು

ಸಂಜೆ ಏಳಕ್ಕೆ ನನ್ನ ಕೈಗೆ ಕೆಲಸವಿರುವುದಿಲ್ಲ. ಹಗಲಿಡೀ ಹತ್ತಿ ಮಿಲ್ಲಿನಲ್ಲಿ ತೂಕದ ಚೀಟಿ ಬರೆಯುವ ಕೈ, ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಏನು ಹಿಡಿಯಬೇಕೆಂದು ತಿಳಿಯದೆ ಸುಮ್ಮನೆ ತಡಕಾಡುತ್ತದೆ. ಹಿಂದೆ ಅದಕ್ಕೆ ಗೊತ್ತಿತ್ತು. ಸುರಪುರ ರಸ್ತೆಯ ಧಾಬಾದಲ್ಲಿ ನಮ್ಮದೇ ಒಂದು ಮೂಲೆ ಇತ್ತು, ನಾವು ಕೂರುವ ಮೊದಲೇ ಟೇಬಲ್ಲಿಗೆ ಸೇಂಗಾ ಬರುತ್ತಿತ್ತು.

ಈಗ ಆ ಹೊತ್ತಿಗೆ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿಟ್ಟುಕೊಂಡು ಆನ್‌ಲೈನ್ ಕೂಟದಲ್ಲಿ ಕೂರುತ್ತೇನೆ. ಕುಡಿತ ಬಿಟ್ಟವರು, ಬಿಡುತ್ತಿರುವವರು, ಕಡಿಮೆ ಮಾಡಿದರೆ ಸಾಕೆನ್ನುವವರು, ಎಲ್ಲ ಊರಿನ ಕನ್ನಡದವರು ಅಲ್ಲಿರುತ್ತಾರೆ. ಬೆರಳು ತಪ್ಪಿ ತಾಗಿ ನನ್ನ ಮುಖ ಕಂಡೀತೆಂದು ಕ್ಯಾಮೆರಾದ ಮೇಲೆ ಗಾಯದ ಪಟ್ಟಿ ಅಂಟಿಸಿದ್ದೇನೆ. ಅಲ್ಲಿ ಯಾರೂ ಕ್ಯಾಮೆರಾ ಹಚ್ಚುವುದೇ ಇಲ್ಲ ಎನ್ನುವುದು ಬೇರೆ ಮಾತು.

ಕೂಟದ ಲಿಂಕು ಕಳಿಸಿದವಳು ಹೆಂಡತಿ. ಜೊತೆಗೆ ಒಂದಕ್ಷರ ಬರೆದಿರಲಿಲ್ಲ. ಅವಳು ಯಾದಗಿರಿಯಲ್ಲಿ ನರ್ಸು. ಮೊದಲು ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು, ಆಮೇಲೆ ಅಲ್ಲೇ ಒಂದು ಖೋಲಿ ಹಿಡಿದಳು. ಡ್ಯೂಟಿ ಬಹಳ ಎಂದು ಅವಳೂ ಹೇಳುತ್ತಾಳೆ, ಕೇಳಿದವರಿಗೆ ನಾನೂ ಹಾಗೇ ಹೇಳುತ್ತೇನೆ. ಭಾನುವಾರ ಬರುತ್ತಾಳೆ. ಬಂದ ಕೂಡಲೇ ನೀರಿನ ಕೊಡ ನೋಡುವವಳಂತೆ ಅಡುಗೆಮನೆಗೆ ಹೋಗಿ ಮೂಸಿ ನೋಡುತ್ತಾಳೆ. ನಾನು ನೋಡದವನಂತೆ ಪೇಪರು ಹಿಡಿದಿರುತ್ತೇನೆ.

ಕೂಟದಲ್ಲಿ ಹೆಸರಿಲ್ಲ, ಚಿತ್ರ ಮಾತ್ರ. ಮೊದಲು ನಮ್ಮ ಶಹಾಪುರದ ಗುಡ್ಡದ ಚಿತ್ರ ಹಾಕಿದ್ದೆ, ಬುದ್ಧ ಮಲಗಿದ ಹಾಗೆ ಕಾಣುತ್ತದಲ್ಲ, ಅದು. ಹಾಕಿ ಉಸಿರು ಬಿಡುವಷ್ಟರಲ್ಲಿ ಹೊಳೆಯಿತು, ಇದನ್ನು ನೋಡಿ ಊರು ಗುರುತಿಸದವರು ಯಾರಿದ್ದಾರೆ? ತೆಗೆದು ಛಾದ ಕಿಟ್ಲಿ ಹಾಕಿದೆ. ಅದು ಕಿಸೆಯಲ್ಲಿ ಕ್ವಾರ್ಟರ್ ಇಟ್ಟುಕೊಂಡವನ ಕಿಟ್ಲಿಯ ಹಾಗೆ ಕಂಡಿತು. ಕೊನೆಗೆ ಯಾವ ಅನುಮಾನಕ್ಕೂ ಎಡೆಯಿಲ್ಲದ ಹೀರೇಕಾಯಿ ಹಾಕಿದೆ. ಅಂದಿನಿಂದ ಕೂಟ ನಡೆಸುವ ಮೈಸೂರು ಕಡೆಯ ಹೆಣ್ಣುಮಗಳು ನನ್ನನ್ನು ಬಹಳ ಮರ್ಯಾದೆಯಿಂದ "ಹೀರೇಕಾಯಿ ಸರ್" ಎನ್ನುತ್ತಾರೆ.

ಅಲ್ಲಿಯ ನಿಯಮ, ತನ್ನದನ್ನಷ್ಟೇ ಹೇಳಬೇಕು, ಬೇರೆಯವರಿಗೆ ಬುದ್ಧಿ ಹೇಳಬಾರದು. ಹೊರಗೆ ಯಾರೂ ಯಾರನ್ನೂ ಹುಡುಕಿಕೊಂಡು ಹೋಗಬಾರದು. ಮೊದಲ ವಾರವೇ ನಾನು ನಿಯಮ ಮುರಿದೆ. ಮಂಡ್ಯದ ಕಡೆಯವರೊಬ್ಬರು ಮತ್ತೆ ಕುಡಿದೆನೆಂದು ಅಳುವಾಗ ಅಕ್ಕರೆಯಿಂದಲೇ, "ಯಾಕ ಕುಡದ್ರಿ ಮತ್ತ? ತಲಿಗಿಲಿ ಕೆಟ್ಟದೇನು?" ಎಂದೆ. ನಮ್ಮಲ್ಲಿ ಇದು ಸಮಾಧಾನ. ಅಲ್ಲಿಯವರು ಅದನ್ನು ಬೈಗುಳವೆಂದು ತಿಳಿದಿದ್ದರು.

ಕೊನೆಗೆ ಪ್ರತಿಯೊಬ್ಬರೂ "ಇವತ್ತು ಇಲ್ಲ" ಎನ್ನಬೇಕು. ಇವತ್ತು ಕುಡಿಯುವುದಿಲ್ಲ ಎಂದು ಅದರ ಅರ್ಥ, ನಾಳೆಯ ಮಾತು ನಾಳೆಗೆ. ನಾಳೆಯದೇ ಚಿಂತೆ ಮಾಡುತ್ತ ಬದುಕಿದ ನನಗೆ ಇದು ಬಾಯಿಗೆ ಬರುವುದೇ ಕಷ್ಟವಾಗಿತ್ತು.

ಆಡಿನ ಚಿತ್ರದವರೊಬ್ಬರಿದ್ದರು. ಒಮ್ಮೆಯೂ ಮಾತಾಡಿದವರಲ್ಲ. ಎಲ್ಲ ಕೇಳಿಸಿಕೊಂಡು ಕೊನೆಗೆ "ಇವತ್ತು ಇಲ್ಲ" ಎಂದು ಬರೆದು ಹೋಗುತ್ತಿದ್ದರು.

ನಮ್ಮದು ಕಲ್ಲಿನ ಮನೆ, ಒಳಗೆ ಫೋನಿನ ಸಿಗ್ನಲ್ ಬರುವುದಿಲ್ಲ. ಕರೆಂಟ್ ಹೋದರೆ ವೈಫೈ ಹೋಯಿತು, ವೈಫೈ ಹೋದರೆ ಕೂಟ ಹೋಯಿತು, ಉಳಿಯುವವರು ನಾನು ಮತ್ತು ಭರಣಿ. ಹೊರಗೆ ಕಟ್ಟೆಯ ಮೇಲೆ ಸಿಗ್ನಲ್ ಸಿಗುತ್ತದೆ, ಆದರೆ ಅಲ್ಲಿ ಕೂತು ಮಾತಾಡಿದರೆ ಇಡೀ ಓಣಿಯೇ ಕೂಟಕ್ಕೆ ಸೇರಿದ ಹಾಗೆ.

ಒಂದು ದಿನ ಕರೆಂಟ್ ಬಂದು ಮತ್ತೆ ಒಳಗೆ ಸೇರಿದಾಗ ಆ ಹೆಣ್ಣುಮಗಳು ನಕ್ಕರು. "ಹೀರೇಕಾಯಿ ಸರ್, ನೀವು ಹೋದಾಗಲೆಲ್ಲ ಆಡು ಕೂಡ ಹೋಗ್ಬಿಡ್ತಾರೆ. ಬರೋದೂ ಜೊತೆಗೇ."

ಎಲ್ಲರೂ ನಕ್ಕರು, ನಾನು ಬೆವೆತೆ. ಒಂದೇ ತಂತಿಯ ಕರೆಂಟು. ಹಾಗಾದರೆ ಆಡು ಇದೇ ಓಣಿಯವರು, ಹೆಚ್ಚೆಂದರೆ ಹಿಂದಿನ ಓಣಿಯವರು. ಗೋಡೆಯಾಚೆ ಒಬ್ಬರು ನನ್ನಂತೆಯೇ ಏಳಕ್ಕೆ ಫೋನಿನ ಮುಂದೆ ಕೂರುತ್ತಾರೆ. ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಅನ್ನಿಸಿತು. ಮರುಕ್ಷಣವೇ, ನಾನು ಆಡಿದ್ದನ್ನೆಲ್ಲ ಅವರು ಕೇಳಿದ್ದಾರೆ, ಹೆಂಡತಿಯ ಮೂಸುವಿಕೆಯನ್ನೂ ಹೇಳಿದ್ದೇನೆ ಎಂಬುದು ನೆನಪಾಯಿತು.

ಅದಾಗಿ ಕೆಲವು ದಿನಕ್ಕೆ, ಎಲ್ಲರ ಸರದಿ ಮುಗಿಯುವ ಹೊತ್ತಿಗೆ ಆಡು ಬರೆದರು: "'ಇವತ್ತು ಇಲ್ಲ' ಅಂತ ಇವತ್ತ ಹೇಳಾಕ ಆಗಂಗಿಲ್ಲ."

"ನಾವೆಲ್ಲ ಇದ್ದೀವಿ, ಹೇಳಿ..." ಎನ್ನುತ್ತಿದ್ದರು ಕೂಟ ನಡೆಸುವಾಕೆ. ಕರೆಂಟ್ ಹೋಯಿತು.

ಕತ್ತಲಲ್ಲಿ ಕೂತೆ. ಎಲ್ಲೋ ಹತ್ತು ಹೆಜ್ಜೆಯಾಚೆ ಒಬ್ಬರು ಎದ್ದು ಚಪ್ಪಲಿ ಮೆಟ್ಟುತ್ತಿರಬಹುದು. ಹುಡುಕುವಂತಿಲ್ಲ. ಬಾಗಿಲು ಬಾಗಿಲು ತಟ್ಟಿ "ಆಡು ನೀವೇನ್ರಿ?" ಎಂದು ಕೇಳುವುದಾದರೂ ಹೇಗೆ? ಆದರೆ ಛಾ ಮಾಡಿದವನು ಓಣಿಯವರನ್ನು ಕರೆಯಬಾರದೆಂದು ಯಾವ ನಿಯಮವೂ ಇಲ್ಲ. ಕರೆಯದೆ ಒಬ್ಬನೇ ಕುಡಿದರೇ ನಮ್ಮಲ್ಲಿ ತಪ್ಪು. ದೊಡ್ಡ ಬೋಗುಣಿ ಇಟ್ಟೆ. ಕುಡಿತ ಬಿಟ್ಟಾಗಿನಿಂದ ಕಟ್ಟೆಗೆ ಬಂದಿರಲಿಲ್ಲ, ಗೆಳೆಯರು ಅಲ್ಲೇ ನಿಂತು ಧಾಬಾಕ್ಕೆ ಕರೆಯುತ್ತಿದ್ದರೆಂದು. ಅಂದು ಬಂದು ನಿಂತು, ಎರಡೂ ಕಡೆಗೆ ಮುಖ ಮಾಡಿ ಕೂಗಿದೆ.

"ಛಾ ಮಾಡೀನ್ರೀ! ಬರ್ರಿ, ಎಲ್ಲಾರೂ ಬರ್ರಿ!"

ಎದುರು ಮನೆಯ ಮುದುಕಿ ಮೊದಲು ಬಂದಳು. "ಯಾಕೋ ತಮ್ಮಾ, ಮೈಯಾಗ ಅರಾಮ ಅದೀಯಿಲ್ಲೋ?"

ಹಿಂದೆಯೇ ಬಂದವರು ವನದುರ್ಗದ ಬಸ್ಸಿಗೆ ಕಂಡಕ್ಟರಾಗಿದ್ದು ರಿಟೈರಾದವರು. "ಅಕ್ಕಾರು ಬಂದಾರೇನ್ರಿ ಯಾದಗಿರಿಂದ?"

"ಇಲ್ರಿ."

"ಮತ್ತ ಛಾ ಯಾರು ಮಾಡ್ಯಾರ?"

"ನಾನೇ ಮಾಡೀನ್ರಿ."

"ಹಂಗಾರ ನನಗ ಅರ್ಧಾ ಕಪ್ಪ ಸಾಕ್ರಿ."

ಅರಿವೆ ಅಂಗಡಿಯ ಸಾಹುಕಾರರೂ ಬಂದರು. ಕಪ್ಪು ಹಿಡಿದ ಅವರ ಕೈ ನಡುಗಿತು. ಇವರೇ ಆಡು ಎಂದುಕೊಂಡು ಒಂದು ಹೆಜ್ಜೆ ಹತ್ತಿರ ಸರಿದೆ. "ಏನ್ ಸುಡತದ್ರಿ ಇದು!" ಎಂದು ಅವರು ಕಪ್ಪನ್ನು ಕಟ್ಟೆಗಿಟ್ಟು ಬೆರಳು ಊದಿಕೊಂಡರು. ನಾನು ಮತ್ತೆ ಓಣಿಯ ಕತ್ತಲಿಗೆ ಕೂಗಿದೆ. "ಇನ್ನೂ ಅದ ರೀ ಛಾ!"

"ಸಾಕ್ ಬಿಡ್ರಿ, ಲಗ್ನದಾಗ ಕರದಂಗ ಕರ್ಯಾಕತ್ತೀರಿ," ಎಂದರು ಕಂಡಕ್ಟರು.

ಕರೆಂಟ್ ಬಂತು. ಅರ್ಧ ಮಾತಿನಲ್ಲೇ ಎಲ್ಲರೂ ಎದ್ದು ಸೀರಿಯಲ್ಲಿಗೆ ಹೋದರು. ನಾನು ಒಳಗೋಡಿ ಕೂಟಕ್ಕೆ ಸೇರಿದೆ. ಹೀರೇಕಾಯಿಯೊಂದೇ ಬಂತು. ಆಡು ಬರಲಿಲ್ಲ. ಕೂಟ ಮುಗಿದ ಮೇಲೂ ಖಾಲಿ ಪರದೆ ನೋಡುತ್ತ ಕೂತಿದ್ದೆ. ಬೋಗುಣಿಯಲ್ಲಿ ಉಳಿದ ಛಾದ ಮೇಲೆ ಕೆನೆ ಕಟ್ಟಿತ್ತು.

ಮರುದಿನ ಏಳಕ್ಕೆ ಮೊದಲೇ ಆಡು ಅಲ್ಲಿದ್ದರು. ಎಂದೂ ಬರೆಯದಷ್ಟು ಬರೆದರು. "ನಿನ್ನೆ ಕುಡಿದೆ. ಹೊರಬಿದ್ದಾಗ ಓಣಿಯಲ್ಲಿ ಒಬ್ಬರು ಛಾಕ್ಕೆ ಕರೆಯುತ್ತಿದ್ದರು. ದನಿ ಗುರುತು ಸಿಕ್ಕಿತು. ಇಲ್ಲಿ ದಿನಾ ಕೇಳುವ ದನಿ. ನಾಚಿಕೆಯಾಗಿ ಗೋಡೆಗುಂಟ ಸರಿದು ಹೋದೆ. ಇವತ್ತು ಇಲ್ಲ."

ಕೂಟ ನಡೆಸುವಾಕೆ ಮೆಲ್ಲಗೆ, "ಹೇಳಿದ್ದಕ್ಕೆ ಥ್ಯಾಂಕ್ಸ್," ಎಂದರು. ನನ್ನ ಸರದಿ ಬಂತು. ಹೇಳಲು ನೂರು ಮಾತಿದ್ದವು. ಬುದ್ಧಿ ಹೇಳುವಂತಿಲ್ಲ, ತನ್ನದನ್ನಷ್ಟೇ ಹೇಳಬೇಕು. "ನಿನ್ನೆ ನಾನು ಛಾ ಜಾಸ್ತಿ ಮಾಡಿದ್ದೆ," ಎಂದೆ. "ಉಳೀತು. ಇವತ್ತು ಇಲ್ಲ."

ಈಗ ಆಡು ನನ್ನನ್ನು ಬಲ್ಲರು, ನಾನು ಅವರನ್ನು ಅರಿಯೆ. ಮಿಲ್ಲಿಗೆ ಹೋಗುವಾಗ ಎದುರು ಬಂದವರ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡುತ್ತೇನೆ. ನಮಸ್ಕಾರ ಎಂದವರ ಕೈ ಬೇಗ ಬಿಡುವುದಿಲ್ಲ. ಮೊನ್ನೆ ಬೆನ್ನ ಹಿಂದೆ ಮುದುಕಿ ಯಾರಿಗೋ ಹೇಳುತ್ತಿದ್ದಳು: "ಪಾಪ, ಮತ್ತ ಶುರು ಮಾಡ್ಯಾನ ಕಾಣ್ತದ. ಮಂದಿ ಮಾರಿ ಹೆಂಗ ನೋಡ್ತಾನ ನೋಡು."

ಈ ಸುದ್ದಿ ಭಾನುವಾರದೊಳಗೆ ಯಾದಗಿರಿಗೆ ಮುಟ್ಟೀತೆಂಬ ಚಿಂತೆ ಬೇರೆ ಹತ್ತಿಕೊಂಡಿದೆ.

ಮಳೆಗಾಲ ಮುಗಿದ ಮೇಲೆ ಕರೆಂಟ್ ಹೋಗುವುದು ಕಡಿಮೆಯಾಗಿದೆ. ಹೋಗದ ಕರೆಂಟಿನ ಮೇಲೆ ಸಿಟ್ಟು ಬರುತ್ತದೆಂದು ಯಾರಿಗೆ ಹೇಳಲಿ? ಕರೆಂಟ್ ಹೋದ ದಿನ ಬೋಗುಣಿ ಇಟ್ಟು, ಕಟ್ಟೆಗೆ ಬಂದು ಕೂಗುತ್ತೇನೆ. ಸಾಹುಕಾರರು ಬರುತ್ತಾರೆ, ಕಂಡಕ್ಟರು ಅರ್ಧ ಕಪ್ಪಿಗೆ ಬರುತ್ತಾರೆ. ಅವರೆಲ್ಲ ಕುಡಿಯುವಾಗ ನಾನು ಗೋಡೆಯ ಕಡೆಗೆ, ಕತ್ತಲು ಗಟ್ಟಿಯಾಗಿರುವ ಕಡೆಗೆ ಮುಖ ಮಾಡಿ ಇನ್ನೊಮ್ಮೆ ಕರೆಯುತ್ತೇನೆ. ಈಗ ಅಷ್ಟು ಜೋರಾಗಿ ಅಲ್ಲ, ಪಕ್ಕದಲ್ಲಿ ನಿಂತವರನ್ನು ಕರೆಯುವಷ್ಟು.

"ಬರ್ರಿ. ಅದ ರೀ ಇನ್ನೂ."