ಫಿರೋಜಾ ಅಳುತ್ತಿರಲಿಲ್ಲ

ಚನ್ನಪಟ್ಟಣದ ಗೊಂಬೆ ಕಾರ್ಖಾನೆಯೊಂದರ ಮೆಟ್ಟಿಲಿಗೆ ಬೆಳಗಿನ ಎಳೆಬಿಸಿಲು ಈಗಷ್ಟೇ ಬಂದಿದೆ. ತಾಹೇರಾ ಕುಕ್ಕರುಗಾಲಲ್ಲಿ ಕೂತು ಬಿಳಿ ಬಟ್ಟೆಯ ಮೇಲೆ ಕೆಂಪು ಗಿಲಕಿಯೊಂದನ್ನು ಇಡುತ್ತಾರೆ. ಕ್ಯಾಮೆರಾ ಎತ್ತುತ್ತಾರೆ, ಇಳಿಸುತ್ತಾರೆ, ಗಿಲಕಿಯನ್ನು ತುಸು ತಿರುಗಿಸುತ್ತಾರೆ.

“ಬಿಸ್ಲು ಏರ್‌ಬುಟ್ರೆ ಅರಗು ಕನ್ನಡಿ ಥರ ಹೊಳೀತದೆ ಸಾರ್. ಆಮೇಲೆ ಗಿಲಕಿ ಕಾಣಾಕಿಲ್ಲ, ಬರೀ ಬೆಳಕು ಕಾಣ್ತದೆ.”

ಫೇಸ್‌ಬುಕ್ಕಿನ ಜಾಹೀರಾತಿಗೆ ಚಿತ್ರ ತೆಗೆದು, ಯಾವುದು ಹಾಕಬೇಕೆಂದು ಆರಿಸುವುದು ಇವರ ಕೆಲಸ. “ಫೋಟೊ ಆರ್ಸೋದು ಅಂದ್ರೆ, ಅದ್ಕೂ ಸಂಬ್ಳ ಕೊಡ್ತಾರಾ ಅಂತ ಬೀದಿಯೋರು ನಗ್ತಾರೆ” ಎಂದು ತಾವೂ ನಗುತ್ತಾರೆ.

ಹುಡುಗಿಯಾಗಿದ್ದಾಗಿನಿಂದ ತಾಹೇರಾ ಕೂತದ್ದು ಲೇತ್ ಮಿಷನ್ನಿನ ಮುಂದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಕೂರಿಸುತ್ತಿದ್ದರು. ಬಸ್ಸಿಳಿಯುವಾಗ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡರೂ ಒತ್ತುವ ಬಲ ಮರಳಲಿಲ್ಲ. ಕಾರ್ಖಾನೆ ನಡೆಸುವ ನಯನಾ ಆಗ ತಾಹೇರಾರನ್ನು ಪ್ಯಾಕಿಂಗ್‌ಗೆ ಹಾಕಿಕೊಂಡರು.

ಆಗ ಅಂಗಡಿಗಳ ತುಂಬ ಚೀನಾದ ಪ್ಲಾಸ್ಟಿಕ್ ಆಟಿಕೆ. ಕೆಲಸ ಕಡಿಮೆಯಾಗಿ ಹೆಂಗಸರು ಒಬ್ಬೊಬ್ಬರಾಗಿ ಬಿಡದಿಯ ಫ್ಯಾಕ್ಟರಿ ಬಸ್ಸು ಹತ್ತುತ್ತಿದ್ದರು. ಬೇರೆ ದಾರಿ ಕಾಣದೆ ನಯನಾ 2009ರ ಯುಗಾದಿ ಹೊತ್ತಿಗೆ ಫೇಸ್‌ಬುಕ್ಕಿನಲ್ಲಿ ಪುಟ ತೆರೆದು, ಇದ್ದಬದ್ದ ಗೊಂಬೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೊ ಹಾಕಿದರು. ಯಾರೂ ತಿರುಗಿ ನೋಡಲಿಲ್ಲ.

“ಸಂತೇಲಿ ಗುಡ್ಡೆ ಹಾಕ್ದಂಗೆ ಐತೆ ಮೇಡಂ. ಒಂದೇ ಇಡಿ, ಪಕ್ಕದಲ್ಲಿ ಒಂದು ಕೈ ಇರ್ಲಿ. ಎಷ್ಟು ದೊಡ್ದು ಅಂತ ಗೊತ್ತಾಗ್ಲಿ” ಅಂದರಂತೆ ತಾಹೇರಾ. ಹಾಗೆ ಕ್ಯಾಮೆರಾ ಅವರ ಕೈಗೆ ಬಂತು. ಒಂದೊಂದೇ ಆರ್ಡರ್ ಬರತೊಡಗಿತು.

ಒಂದು ದಿನ ಕಾರ್ಖಾನೆಯ ಹಿರಿಯ ಕೆಲಸಗಾರ್ತಿ ಫಿರೋಜಾ ಕೆಲಸದಲ್ಲಿದ್ದಾಗ ಮರದ ಪುಡಿ ಕಣ್ಣಿಗೆ ಬಿದ್ದು ನೀರು ಸುರಿಯಿತು. ಅದೇ ಕ್ಷಣಕ್ಕೆ ತಾಹೇರಾ ಕ್ಯಾಮೆರಾ ಒತ್ತಿದ್ದರು. ‘ಈ ಕೈಗಳಿಗೆ ಕೆಲಸ ಕೊಡಿ’ ಎಂದು ಬರೆದು ನಯನಾ ಆ ಚಿತ್ರ ಹಾಕಿದರು. ಅದುವರೆಗೆ ಕಾಣದಷ್ಟು ಆರ್ಡರ್ ಬಂತು. ‘ಪಾಪ’ ಎಂದು ಜನ ಬರೆದದ್ದೇ ಬರೆದದ್ದು.

ಬೆಂಗಳೂರಿನಲ್ಲಿದ್ದ ಫಿರೋಜಾರ ಮಗಳು ಅದನ್ನು ನೋಡಿ ಗಾಬರಿಯಿಂದ ಫೋನ್ ಮಾಡಿದಳು: “ಅಮ್ಮೀ, ಊಟಕ್ಕೂ ಇಲ್ವಾ? ನಂಗ್ಯಾಕೆ ಹೇಳ್ಲಿಲ್ಲ?” ಮಾರನೆಯ ದಿನ ಫಿರೋಜಾ ಕೆಲಸಕ್ಕೆ ಬರಲಿಲ್ಲ. ತಾಹೇರಾ ಮನೆಗೆ ಹೋದರೆ ಮುಖ ಕೊಟ್ಟು ಮಾತಾಡಲಿಲ್ಲ. “ಪುಡಿ ಬಿತ್ತು ಕಣಮ್ಮ. ನಾನೆಲ್ಲಿ ಅತ್ತೆ?” ಎಂದಷ್ಟೇ ಅಂದರು.

ತಾಹೇರಾ ನೇರ ನಯನಾರ ಬಳಿ ಬಂದರು. “ಆ ಫೋಟೊ ತೆಗ್ದುಬುಡಿ ಮೇಡಂ.”

“ತೆಗೆದ್ರೆ ಆರ್ಡರ್ ನಿಲ್ಲುತ್ತೆ ತಾಹೇರಾ. ಉಳಿದವರ ಗತಿ?”

“ನಿಲ್ಲಲಿ. ಫೋಟೊ ಹೊಡ್ದಿದ್ದು ನಾನು. ಫಿರೋಜಾ ಆಪಾ ಮುಖ ನಾನ್ ಹೆಂಗ್ ನೋಡ್ಲಿ?”

ನಯನಾ ಸಂಜೆಯವರೆಗೂ ಯೋಚಿಸಿ ಆ ಚಿತ್ರವನ್ನು ಪುಟದಿಂದ ತೆಗೆದುಹಾಕಿದರು. ಆರ್ಡರ್ ನಿಜಕ್ಕೂ ಇಳಿಯಿತು. ಇಬ್ಬರು ಬಿಡದಿ ಬಸ್ಸು ಹತ್ತಿದರು. “ಅವ್ರು ಹೋಗೋದ್ ನೋಡ್ತಾ ನಿಂತಿದ್ದೆ ಸಾರ್. ತಪ್ಪು ಮಾಡ್ಬುಟ್ನಾ ಅಂತ ಒಸಿ ದಿನ ನಿದ್ದೆ ಬರ್ಲಿಲ್ಲ.”

ಫಿರೋಜಾ ಮರಳಿದರು, ಒಂದು ಷರತ್ತಿನ ಮೇಲೆ: ತಮ್ಮ ಚಿತ್ರವನ್ನು ಮೊದಲು ತಾವೇ ನೋಡಬೇಕು. ಮುಂದೊಂದು ದಿನ ಅವರು ಚಕ್ರ ಸರಿಯಿದೆಯೇ ಎಂದು ಪುಟ್ಟ ರೈಲನ್ನು ದಾರ ಕಟ್ಟಿ ನೆಲದ ಮೇಲೆ ಎಳೆದರು. ಅದು ಗಡಗಡ ಓಡಿ ಕಾಲಿಗೇ ಡಿಕ್ಕಿ ಹೊಡೆಯಿತು. ಬಾಯಿ ತುಂಬ ನಕ್ಕರು. ತೆಗೆದ ಚಿತ್ರಗಳಲ್ಲಿ ಅದನ್ನೇ ಆರಿಸಿ, “ಇದು ಹಾಕು. ಮಗಳು ನೋಡ್ಲಿ” ಅಂದರು.

ಈ ಬಾರಿ ಆರ್ಡರ್ ಮೆಲ್ಲಗೆ ಬಂತು, ಆದರೆ ನಿಲ್ಲಲಿಲ್ಲ. ‘ಪಾಪ’ ಎಂದವರಿಲ್ಲ. ‘ಆ ಅಜ್ಜಿಯ ರೈಲು ನಮ್ಮ ಮಗುವಿಗೂ ಬೇಕು’ ಎಂದು ಬರೆದರು. ಹೋದ ಇಬ್ಬರಲ್ಲಿ ಒಬ್ಬರು ವಾಪಸು ಬಂದಿದ್ದಾರೆ. ಇನ್ನೊಬ್ಬರು ಬಂದಿಲ್ಲ, ತಾಹೇರಾ ಈಗಲೂ ಆಗಾಗ ಫೋನ್ ಮಾಡಿ ಕರೆಯುತ್ತಾರೆ.

ಈ ಲೇಖನಕ್ಕೆಂದು ನಮ್ಮ ಛಾಯಾಗ್ರಾಹಕರು ತಾಹೇರಾರ ಚಿತ್ರ ತೆಗೆದರು. ಅವರು ತಲೆ ತಗ್ಗಿಸಿ ಒಬ್ಬರೇ ಕೂತ ಚಿತ್ರವೊಂದು ನಮಗೆಲ್ಲ ಹಿಡಿಸಿತು. ತಾಹೇರಾ ಅದನ್ನು ನೋಡಿ ಬೇಡವೆಂದು ತಲೆಯಾಡಿಸಿದರು. ಒಂದೊಂದಾಗಿ ಎಲ್ಲವನ್ನೂ ನೋಡಿ, ತಾವು ಕ್ಯಾಮೆರಾ ಹಿಡಿದು ಯಾರಿಗೋ ‘ಒಸಿ ಈ ಕಡೆ’ ಎಂದು ಕೂಗುತ್ತಿರುವ ಚಿತ್ರದ ಮೇಲೆ ಬೆರಳಿಟ್ಟರು.

“ಇದ್ ಹಾಕಿ ಸಾರ್. ಇದ್ರಲ್ಲಿ ನಾನು ಕೆಲ್ಸ ಮಾಡ್ತಾವ್ನಿ.”